ಹಳೆಯ ತ್ರೀ ಫಿಫ್ಟೀನ್ ರೈಫಲ್ ಕೊಳ್ಳಬಹುದೇ? ತಿಳಿದವರು ಹೇಳಿ

ಆಳಂದದ ರೈತ:
ಎಲ್ಲರಿಗೂ ಶರಣು. ಪಕ್ಕದ ಊರಿನ ಮಾಜಿ ಸೈನಿಕರೊಬ್ಬರು ನಿವೃತ್ತಿಯ ಬಳಿಕ ಕಲಬುರಗಿಯ ಬ್ಯಾಂಕೊಂದರಲ್ಲಿ ಹದಿನಾಲ್ಕು ವರ್ಷ ಕಾವಲು ಕಾದರು. ಆ ಕೆಲಸಕ್ಕೆಂದು ಕೊಂಡ .315 ರೈಫಲ್ ಈಗ ಅವರ ಬೀರುವಿನಲ್ಲಿ ಮಲಗಿದೆ. ಅವರಿಗೆ ಕಣ್ಣಿನ ಪೊರೆ, ಮೊಣಕಾಲು ನೋವು. ಮಗ ಪುಣೆಯಲ್ಲಿದ್ದಾನೆ, ಅವನಿಗೆ ಬೇಡವಂತೆ. ಎಪ್ಪತ್ತು ಸಾವಿರ ಕೊಟ್ಟರೆ ನನಗೇ ಕೊಡುತ್ತೇನೆ ಎನ್ನುತ್ತಿದ್ದಾರೆ.

ನನ್ನ ಬಳಿ ಅಪ್ಪನಿಂದ ಬಂದ ಜೋಡು ನಳಿಗೆಯ ಹನ್ನೆರಡು ಬೋರ್ ಬಂದೂಕು ಇದೆ, ಲೈಸೆನ್ಸ್ ನನ್ನ ಹೆಸರಿನಲ್ಲಿದೆ. ಹನ್ನೊಂದು ಎಕರೆ ಹೊಲ, ಅರ್ಧ ತೊಗರಿ, ಅರ್ಧ ಕಬ್ಬು. ಕಾಡುಹಂದಿಗಳು ಒಂದೇ ರಾತ್ರಿಯಲ್ಲಿ ಕಬ್ಬನ್ನು ಚಾಪೆಯಂತೆ ಹಾಸಿಬಿಡುತ್ತವೆ. ಇದು ಊರಿನವರಿಗೆ ಹೇಳುವ ಕಾರಣ. ನಿಮ್ಮೆದುರು ಇನ್ನೊಂದನ್ನೂ ಹೇಳಿಬಿಡುತ್ತೇನೆ. ಚಿಕ್ಕವನಿದ್ದಾಗ ಅಪ್ಪನ ಹೆಗಲೇರಿ ಶರಣಬಸವೇಶ್ವರ ಜಾತ್ರೆಗೆ ಹೋಗುತ್ತಿದ್ದೆ. ರಥಕ್ಕಿಂತ ಹೆಚ್ಚಾಗಿ ಬಂದೋಬಸ್ತಿನ ಪೊಲೀಸರ ಹೆಗಲಿನ ತ್ರೀ ನಾಟ್ ತ್ರೀ (.303) ರೈಫಲ್ ನೋಡುತ್ತಿದ್ದೆ. ಈ ರೈಫಲ್ ಅದರ ತಮ್ಮನಂತೆಯೇ ಇದೆ. ಅದೇ ಅಗುಳಿಯಂತೆ ಎಳೆಯುವ ಬೋಲ್ಟ್, ಅದೇ ಮರದ ಮೈ. ಕೈಗೆ ತೆಗೆದುಕೊಂಡ ಮೇಲೆ ನಿದ್ದೆ ಬಂದಿಲ್ಲ.

ಗುರಿಕಾರ, ಕಲಬುರಗಿ:
ಯೋಚಿಸುವುದೇನಿದೆ? ತೆಗೆದುಕೊಳ್ಳಿ ಅಣ್ಣಾ. ಮರದ ಹಿಡಿಕೆ ತೆಗೆಸಿ ಕಪ್ಪು ಫೈಬರ್ ಹಾಕಿಸಿ, ಮೇಲೊಂದು ಸ್ಕೋಪ್ ಕೂರಿಸಿದರೆ ಕಮಾಂಡೊಗಳ ರೈಫಲ್ ಎಂದೇ ಅನಿಸುತ್ತದೆ. ಎಪ್ಪತ್ತು ಸಾವಿರ ಮಾತ್ರ ಜಾಸ್ತಿ. ಭೀಮೆಯ ಆಚೆ ಒಬ್ಬರ ಹತ್ತಿರ ಅಸಲಿ ತ್ರೀ ನಾಟ್ ತ್ರೀ ಇದೆಯಂತೆ, ಅರ್ಧ ಬೆಲೆಗೆ. ತಮ್ಮ ಏಕೆ, ಅಣ್ಣನನ್ನೇ ತರಬಹುದು.

ಕರಿಕೋಟು, ಶಹಾಪುರ:
ಗುರಿಕಾರರೇ, ಆ ಕೊನೆಯ ಎರಡು ಸಾಲುಗಳನ್ನು ನೀವೇ ಅಳಿಸಿದರೆ ಒಳ್ಳೆಯದು. ತ್ರೀ ನಾಟ್ ತ್ರೀ ನೂರು ವರ್ಷ ಹಳೆಯದಾದರೂ ಸೈನ್ಯದ ಗುಂಡು ಹಾರಿಸುವ ರೈಫಲ್. 7.62 ಮಿಲಿಮೀಟರಿನದೂ ಹಾಗೆಯೇ. ಅವುಗಳಿಗೆ ಜಿಲ್ಲಾಧಿಕಾರಿ ಲೈಸೆನ್ಸ್ ಕೊಡುವಂತಿಲ್ಲ, ಕೇಂದ್ರ ಗೃಹ ಸಚಿವಾಲಯದವರೆಗೆ ಹೋಗಬೇಕು. ಅರ್ಧ ಬೆಲೆಗೆ ನದಿ ದಾಟಿ ಬರುವ ಮಾಲಿಗೆ ಕಾಗದ ಇರುವುದಿಲ್ಲ. ಅಂಥ ಪ್ರಕರಣಗಳಲ್ಲಿ ನಾನು ಜಾಮೀನಿಗೆ ಓಡಾಡಿದ್ದೇನೆ. ಮಾರಿದವನು ಮಾಯವಾಗಿರುತ್ತಾನೆ, ಕೊಂಡವನ ತಾಯಿ ನ್ಯಾಯಾಲಯದ ಮೆಟ್ಟಿಲ ಮೇಲೆ ಬುತ್ತಿ ಹಿಡಿದು ಕೂತಿರುತ್ತಾಳೆ.

ಇನ್ನು ಆಳಂದದವರ ಮಾತಿಗೆ ಬರುತ್ತೇನೆ. .315 ಜಿಲ್ಲಾಧಿಕಾರಿಗಳ ವ್ಯಾಪ್ತಿಯಲ್ಲೇ ಬರುವ ಬೋರು, ಅಂದರೆ ನಳಿಗೆಯ ಅಳತೆ, ಅದರಲ್ಲಿ ತೊಡಕಿಲ್ಲ. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ಬಳಿಕ ಒಬ್ಬರಿಗೆ ಎರಡೇ ಆಯುಧ, ಮೊದಲು ಮೂರು ಇತ್ತು. ನಿಮ್ಮದು ಒಂದಾಗಿರುವುದರಿಂದ ಇನ್ನೊಂದಕ್ಕೆ ಜಾಗ ಇದೆ. ಆದರೆ ಎರಡನೆಯದನ್ನು ಲೈಸೆನ್ಸಿಗೆ ಸೇರಿಸಲು ಮೊದಲು ಅನುಮತಿ ಪಡೆಯಬೇಕು, ಆಮೇಲೆ ಕೊಳ್ಳಬೇಕು. ನಮ್ಮವರು ಇದನ್ನು ತಲೆಕೆಳಗು ಮಾಡುತ್ತಾರೆ. ಮಾರುವವರೂ ಸುಮ್ಮನೆ ಕೈಗಿಡುವಂತಿಲ್ಲ. 1959ರ ಆಯುಧ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ನಿಮ್ಮ ಹೆಸರು, ವಿಳಾಸ ಬರೆದು ಜಿಲ್ಲಾಧಿಕಾರಿಗಾಗಲಿ ಹತ್ತಿರದ ಠಾಣೆಗಾಗಲಿ ತಿಳಿಸಬೇಕು. ತಿಳಿಸಿ 45 ದಿನ ಕಳೆಯಬೇಕು. ಅಲ್ಲಿಯವರೆಗೆ ಮುಂಗಡವನ್ನೂ ಕೊಡಬೇಡಿ. ಹಾಲಿಡುವ ಮೊದಲೇ ಬೆಣ್ಣೆಗೆ ದರ ಕಟ್ಟಿದ ಹಾಗಾಗುತ್ತದೆ.

ಹಳೆಯ ಹವಾಲ್ದಾರ, ಬೀದರ್:
ತಮ್ಮಾ, ನಿನ್ನ ಆಸೆ ನನಗೆ ಅರ್ಥವಾಗುತ್ತದೆ. ಇಪ್ಪತ್ತೆರಡು ವರ್ಷ ಆಯುಧ ತೊಳೆದ ಕೈ ಇದು.

ಆ ರೈಫಲ್ ಏಕೆ ತಮ್ಮನಂತೆ ಕಾಣುತ್ತದೆ ಎಂದರೆ ಅದು ನಿಜಕ್ಕೂ ತಮ್ಮನೇ. ಸಿಪಾಯಿಗಳ .303 ಗುಂಡು ಜನರ ಕೈಗೆ ಸೋರಬಾರದೆಂದು ಬ್ರಿಟಿಷರು ಇಲ್ಲಿಯ ಜನಕ್ಕೆ ಆ ಬೋರನ್ನು ಬಂದ್ ಮಾಡಿದರು. ಬದಲಿಗೆ ಬಂದದ್ದು ಎಂಟು ಮಿಲಿಮೀಟರಿನ .315. ಅದರ ತೋಟೆಯ ಮೂಲ ಆಸ್ಟ್ರಿಯಾದ ಮ್ಯಾನ್‌ಲಿಕರ್, ರೈಫಲಿನ ಮೈ ಲೀ ಎನ್‌ಫೀಲ್ಡಿನದು. ನಮ್ಮಲ್ಲಿ ಅದನ್ನು ಮಾಡುವುದು ಪಶ್ಚಿಮ ಬಂಗಾಳದ ಇಶಾಪುರದ ಸರ್ಕಾರಿ ಕಾರ್ಖಾನೆ. ಅದೇ ಕಾರ್ಖಾನೆಯೇ ಹಿಂದೆ ಸೈನ್ಯಕ್ಕೆ ತ್ರೀ ನಾಟ್ ತ್ರೀ ಮಾಡಿಕೊಡುತ್ತಿತ್ತು.

ನೋಡಲು ಹೋದರೆ ಹೀಗೆ ನೋಡು. ಮೊದಲು ಮ್ಯಾಗಜೀನ್ ಕಳಚಿ, ಬೋಲ್ಟ್ ಹಿಂದಕ್ಕೆಳೆದು, ತೋಟೆ ಕೂರುವ ಚೇಂಬರಿನಲ್ಲಿ ಕಿರುಬೆರಳು ಹಾಕಿ ಖಾಲಿ ಇದೆಯೇ ಎಂದು ಖಾತ್ರಿ ಮಾಡಿಕೋ. ಮಾಲೀಕರು ‘ಖಾಲಿ ಇದೆ’ ಎಂದು ಆಣೆ ಇಟ್ಟರೂ ಬೆರಳು ಹಾಕು. ಬಳಿಕ ಬೋಲ್ಟ್ ಪೂರ್ತಿ ತೆಗೆದು ನಳಿಗೆಯನ್ನು ಬಿಸಿಲಿಗೆ ಹಿಡಿ. ಒಳಗಿನ ಸುರುಳಿ ಗೀರುಗಳು ಕನ್ನಡಿಯಂತೆ ಹೊಳೆಯಬೇಕು. ಚೇಂಬರಿನ ಮುಂದೆ ಕರಿಯ ಚುಕ್ಕೆಗಳು, ಸಿಡುಬಿನ ಕಲೆಯಂಥ ಕುಳಿಗಳು ಕಂಡರೆ ಅದು ತುಕ್ಕು ತಿಂದ ನಳಿಗೆ, ಎಣ್ಣೆ ಹಾಕಿದರೆ ಹೋಗುವುದಿಲ್ಲ. ಬ್ಯಾಂಕ್ ಕಾವಲಿನ ರೈಫಲುಗಳಿಗೆ ಒಂದು ಕಾಯಿಲೆ ಇದೆ. ಗುಂಡು ಹಾರಿಸುವುದೇ ಇಲ್ಲ, ಹಾಗಾಗಿ ಬಿಚ್ಚಿ ಒರೆಸುವುದೂ ಇಲ್ಲ. ಕಾವಲುಗಾರ ಎಂಟು ಗಂಟೆ ಬೆವರಿದ ಅಂಗೈಯನ್ನು ನಳಿಗೆಯ ತುದಿಯ ಮೇಲಿಟ್ಟು ನಿಂತಿರುತ್ತಾನೆ. ಮರದ ಕೆಳಗೆ ಉಪ್ಪು ಇಳಿದು ತುಕ್ಕು ಕೂತಿರುತ್ತದೆ, ಹೊರಗೆ ಪಾಲಿಶ್ ಫಳಫಳ ಎನ್ನುತ್ತದೆ.

ಬೋಲ್ಟಿನ ಮೇಲಿನ ಸಂಖ್ಯೆ, ಮೈಮೇಲಿನ ಸಂಖ್ಯೆ, ಲೈಸೆನ್ಸ್ ಪುಸ್ತಕದ ಸಂಖ್ಯೆ, ಮೂರೂ ಒಂದೇ ಇರಬೇಕು. ಬೇರೆ ರೈಫಲಿನ ಬೋಲ್ಟ್ ಹಾಕಿದ್ದರೆ ತೋಟೆಯ ಹಿಂದೆ ಸಂದು ಉಳಿಯಬಹುದು, ಹಿತ್ತಾಳೆ ಸೀಳಿದರೆ ಬಿಸಿ ಗಾಳಿ ನಿನ್ನ ಮುಖಕ್ಕೇ ಬರುತ್ತದೆ. ಆ ಸಂದನ್ನು ಅಳೆಯುವ ಗೇಜ್ ಇರುವವರಿಂದಲೇ ಪರೀಕ್ಷೆ ಮಾಡಿಸು, ಕಣ್ಣಳತೆ ನಡೆಯುವುದಿಲ್ಲ. ಜೊತೆಗೆ ಹಳೆಯ ತೋಟೆಗಳನ್ನು ‘ಇವೂ ಇರಲಿ’ ಎಂದು ಕೊಟ್ಟರೆ ಬೇಡ ಎನ್ನು. ಹಸಿರುಗಟ್ಟಿದ ತೋಟೆ ಟ್ರಿಗರ್ ಎಳೆದಾಗ ಸುಮ್ಮನಿದ್ದು, ನೀನು ಬೋಲ್ಟ್ ತೆರೆಯುವ ಹೊತ್ತಿಗೆ ಸಿಡಿದೀತು.

ಫೈಬರ್ ಹಿಡಿಕೆಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಅಜ್ಜನಿಗೆ ಜೀನ್ಸ್ ತೊಡಿಸಿದ ಹಾಗೆ.

ಆಳಂದದ ರೈತ:
ಕಾಕಾ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಭಾನುವಾರ ಹೋಗಿ ನೋಡುತ್ತೇನೆ.

ತೊಗರಿ ಕಣಜ, ಚಿತ್ತಾಪುರ:
ನಾನು ರೈಫಲ್ ಬಲ್ಲವನಲ್ಲ, ಹೊಲ ಬಲ್ಲೆ. ನಮ್ಮ ಎರೆ ಭೂಮಿ ಹೇಗಿದೆ ಎಂದು ನೆನಪಿಸುತ್ತೇನೆ. ಹಾಸಿದ ಹಾಗೆ ಬಯಲು. ಗುಡ್ಡ ಇಲ್ಲ, ಗುಂಡನ್ನು ತಡೆಯುವ ಮಣ್ಣಿನ ಒಡ್ಡೂ ಇಲ್ಲ. ಹನ್ನೆರಡು ಬೋರಿನ ಚರೆಗಳು ಕೆಲವು ನೂರು ಮೀಟರಿನಲ್ಲಿ ಸೋತು ಉದುರುತ್ತವೆ. ರೈಫಲಿನ ಗುಂಡು ಹಂದಿಗೆ ತಗಲದಿದ್ದರೆ ಎರಡು ಕಿಲೋಮೀಟರಿನ ಆಚೆಯೂ ಜೀವ ತೆಗೆಯಬಲ್ಲದು. ಆ ಎರಡು ಕಿಲೋಮೀಟರಿನಲ್ಲಿ ಯಾರಿದ್ದಾರೆ? ರಾತ್ರಿ ನೀರು ಕಟ್ಟುವವರು, ಮಂಚಿಕೆಯ ಮೇಲೆ ಮಲಗಿದವರು, ಕುರಿ ಹಟ್ಟಿ ಹಾಕಿದವರು. ಹಂದಿ ಹಗಲು ಬರುವುದಿಲ್ಲ, ಕತ್ತಲಲ್ಲೇ ಬರುವುದು. ಕಬ್ಬಿನೊಳಗೆ ಅಲುಗಾಡಿದ್ದು ಹಂದಿಯೋ ಬಹಿರ್ದೆಸೆಗೆ ಕೂತ ಮುದುಕನೋ ಎಂದು ಸ್ಕೋಪ್ ಹೇಳುತ್ತದೆಯೇ?

ಕರಿಕೋಟು, ಶಹಾಪುರ:
ಕಣಜದವರು ಹೊಲದ ಕಡೆಯಿಂದ ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಒಂದು ಮಾತು. ಬಂದೂಕಿನ ಲೈಸೆನ್ಸ್ ಎಂದರೆ ಬೇಟೆಯ ಲೈಸೆನ್ಸ್ ಅಲ್ಲ. ಕಾಡುಹಂದಿ ಈಗ 1972ರ ವನ್ಯಜೀವಿ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯ ಎಂದು ಮುಖ್ಯ ವನ್ಯಜೀವಿ ಪರಿಪಾಲಕರಾಗಲಿ ಅವರು ಅಧಿಕಾರ ಕೊಟ್ಟವರಾಗಲಿ ಲಿಖಿತ ಆದೇಶ ಮಾಡಿದರೆ ಮಾತ್ರ ಕೊಲ್ಲಬಹುದು. ತೊಗರಿ ಕುಡಿ ತಿನ್ನುವ ಕೃಷ್ಣಮೃಗ ಮೊದಲ ಅನುಸೂಚಿಯದು, ಅದರ ಕಡೆ ನಳಿಗೆ ತಿರುಗಿಸುವ ಯೋಚನೆಯೇ ಬೇಡ. ನಿಮ್ಮ ಲೈಸೆನ್ಸಿನಲ್ಲಿ ಉದ್ದೇಶ ಏನೆಂದು ಬರೆದಿದೆ, ಒಮ್ಮೆ ತೆಗೆದು ಓದಿ.

ಆಳಂದದ ರೈತ:
ಓದಿದೆ. ‘ಆತ್ಮರಕ್ಷಣೆ’ ಎಂದಷ್ಟೇ ಇದೆ. ಅಪ್ಪ ಇಷ್ಟು ವರ್ಷ ಹಂದಿಗೆಂದು ಗಾಳಿಯಲ್ಲಿ ಹಾರಿಸುತ್ತಿದ್ದದ್ದನ್ನು ನಾನೂ ಕಲಿತಿದ್ದೇನೆ, ಈಗ ಹೇಳಲು ನಾಚಿಕೆಯಾಗುತ್ತದೆ.

ಗುರಿಕಾರ, ಕಲಬುರಗಿ:
ಸರಿ, ನದಿಯಾಚೆಯ ಮಾತು ಹಿಂತೆಗೆದುಕೊಂಡೆ. ಕೇಳಿದ ಸುದ್ದಿಯನ್ನು ಬರೆದಿದ್ದೆ, ಅಷ್ಟೇ. ಆದರೆ ಆತ್ಮರಕ್ಷಣೆ ಎಂಬುದನ್ನು ನೀವೆಲ್ಲ ಲಘುವಾಗಿ ನೋಡುತ್ತಿದ್ದೀರಿ. 2025ರ ಜನವರಿ 16ರಂದು ಬೀದರ್ ನಗರದ ನಡುವೆ, ಹಾಡಹಗಲೇ, ಎಟಿಎಂಗೆ ಹಣ ತುಂಬಲು ಬಂದವರ ಮೇಲೆ ಗುಂಡು ಹಾರಿಸಿ ಪೆಟ್ಟಿಗೆ ಹೊತ್ತೊಯ್ದರು. ಹೊಲದ ಮನೆಯಲ್ಲಿ ಒಂಟಿಯಾಗಿ ಇರುವವನಿಗೆ ಒಂದು ಒಳ್ಳೆಯ ರೈಫಲ್ ಬೇಡವೇ?

ಹಳೆಯ ಹವಾಲ್ದಾರ, ಬೀದರ್:
ಆ ದಿನ ನಾನು ಊರಿನಲ್ಲೇ ಇದ್ದೆ. ಬೈಕಿನಲ್ಲಿ ಬಂದವರು ಬೈಕಿನಲ್ಲೇ ಹೋದರು, ಎಲ್ಲವೂ ನಿಮಿಷಗಳ ಮಾತು. ಬೋಲ್ಟ್ ರೈಫಲ್ ಮನೆಯೊಳಗಿನ ಜಗಳಕ್ಕೆ ಆಗಿಬರುವ ಆಯುಧವಲ್ಲ. ಉದ್ದ ಹೆಚ್ಚು, ಬಾಗಿಲಲ್ಲಿ ತಿರುಗಿಸಲು ಆಗುವುದಿಲ್ಲ, ಪ್ರತಿ ಗುಂಡಿಗೂ ಬೋಲ್ಟ್ ಎಳೆಯಬೇಕು. ಬೀರು ತೆರೆದು, ಮ್ಯಾಗಜೀನ್ ಹಾಕಿ, ಕನ್ನಡಕ ಹುಡುಕುವಷ್ಟರಲ್ಲಿ ಬಂದವರು ಚಹಾ ಕುಡಿದು ಹೋಗಿರುತ್ತಾರೆ. ಬೀರುವಿನಲ್ಲಿ ಇಡದೆ ಮಂಚದ ಕೆಳಗೆ ತುಂಬಿ ಇಟ್ಟರೆ, ಮೊಮ್ಮಕ್ಕಳಿರುವ ಮನೆ, ಮುಂದಿನದು ನಾನು ಹೇಳುವುದಿಲ್ಲ.

ಅಕ್ಕೋರು, ಸೇಡಂ:
ಮೂರು ದಿನದಿಂದ ಓದುತ್ತಿದ್ದೇನೆ. ನಳಿಗೆಯ ಗೀರು, ಬೋಲ್ಟಿನ ಸಂಖ್ಯೆ ಎಲ್ಲ ಆಯಿತು. ಮನೆಯ ಹೆಂಗಸರನ್ನು ಕೇಳಿದಿರಾ ಎಂದು ಒಬ್ಬರೂ ಕೇಳಲಿಲ್ಲವಲ್ಲ!

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂಟಿ ನಳಿಗೆಯ ಬಂದೂಕಿತ್ತು. ನಿಜಾಮರ ಕೊನೆಯ ವರ್ಷದಲ್ಲಿ, 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ಮೊದಲು, ರಜಾಕಾರರ ಭಯಕ್ಕೆ ಅಜ್ಜ ಅದನ್ನು ತಲೆದಿಂಬಿನ ಪಕ್ಕ ಇಟ್ಟು ಮಲಗುತ್ತಿದ್ದರಂತೆ. ಒಮ್ಮೆಯೂ ಹಾರಿಸಲಿಲ್ಲ, ಆದರೂ ಅದು ಮನೆತನದ ಮೀಸೆಯಾಯಿತು. ಎಪ್ಪತ್ತೆರಡರ ಬರ ಬಂದಾಗ ನಾನು ಏಳನೇ ತರಗತಿ. ಜೋಳ ಕೈಗೆ ಬರಲಿಲ್ಲ, ಎತ್ತು ಮಾರಿದರು, ಅಪ್ಪ ಮಾತು ನಿಲ್ಲಿಸಿದರು. ಒಂದು ಸಂಜೆ ಅವ್ವ ನನ್ನನ್ನು ಕರೆದು, ಕಾಳು ತುಂಬುವ ಖಾಲಿ ಹಗೇವಿನ ಬಾಯಿ ತೆಗೆಸಿ, ತೋಟೆಗಳ ಗಂಟನ್ನು ನನ್ನ ಕೈಯಿಂದಲೇ ಒಳಗೆ ಇಳಿಸಿದಳು. ಏಕೆಂದು ಕೇಳಿದೆ. ‘ಇಲಿ ಕಡಿಯುತ್ತವೆ’ ಎಂದಳು. ತೋಟೆಯನ್ನು ಯಾವ ಇಲಿ ಕಡಿಯುತ್ತದೆ ಎಂದು ಗೊತ್ತಾಗಲು ನನಗೆ ಹತ್ತು ವರ್ಷ ಬೇಕಾಯಿತು. ಅಪ್ಪ ಆ ಬಂದೂಕನ್ನು ಎಷ್ಟೋ ಸಲ ಕೈಗೆತ್ತಿಕೊಂಡು ಮತ್ತೆ ಗೂಟಕ್ಕೆ ತೂಗುಹಾಕಿದ್ದನ್ನು ನಾನು ಕಂಡಿದ್ದೇನೆ.

ತೊಗರಿ ದರ ಬಿದ್ದ ವರ್ಷ, ಸಾಲದ ನೋಟಿಸು ಬಂದ ವರ್ಷ, ನಿಮ್ಮ ಮನೆಯ ಬೀರುವಿನ ಕೀಲಿ ಯಾರ ಸೆರಗಿನಲ್ಲಿ ಇರುತ್ತದೆ? ಆಳಂದದವರು ಇದನ್ನು ಇಲ್ಲಿ ಬರೆಯಬೇಕಿಲ್ಲ, ಮನೆಯಲ್ಲಿ ಮಾತಾಡಲಿ.

ತೊಗರಿ ಕಣಜ, ಚಿತ್ತಾಪುರ:
ಅಕ್ಕೋರೇ, ನಿಮ್ಮ ಮಾತಿನ ಮುಂದೆ ನನ್ನದು ಸಣ್ಣದು. ಆದರೂ ಬರೆಯುತ್ತೇನೆ. ನಾನು ಹೊಲದ ಸುತ್ತ ಐದಾರು ಸಾಲು ಕುಸುಬೆ ಬಿತ್ತುತ್ತೇನೆ, ನಮ್ಮ ಹಿರಿಯರು ಜೋಳದ ಸುತ್ತ ಬಿತ್ತುತ್ತಿದ್ದ ಹಾಗೆ. ಅದು ಬಲಿತ ಮೇಲೆ ಮುಳ್ಳಿನ ಗೋಡೆ. ದನ ನಿಲ್ಲುತ್ತದೆ, ಹಂದಿ ಪೂರ್ತಿ ನಿಲ್ಲುವುದಿಲ್ಲ, ಹಸಿದದ್ದು ನುಗ್ಗುತ್ತದೆ. ಅರ್ಧ ಉಳಿಯಿತು, ಎಣ್ಣೆಗೂ ಆಯಿತು. ಮಿಕ್ಕದ್ದಕ್ಕೆ ಸೋಲಾರ್ ಬೇಲಿ. ಎಪ್ಪತ್ತು ಸಾವಿರ ಬೇಲಿಗೆ ಹಾಕಿದರೆ ಹಂದಿಗೂ ಜೀವ ಉಳಿಯುತ್ತದೆ.

ಗುರಿಕಾರ, ಕಲಬುರಗಿ:
ಬೇಲಿಯನ್ನು ಹೆಗಲ ಮೇಲೆ ಹೊತ್ತು ಫೋಟೊ ತೆಗೆಸಿಕೊಳ್ಳಲಾಗುವುದಿಲ್ಲವಲ್ಲ ಕಾಕಾ. ಹಾಸ್ಯಕ್ಕೆ ಹೇಳಿದೆ. ಅಕ್ಕೋರು ಬರೆದದ್ದನ್ನು ನನ್ನ ಅವ್ವನಿಗೆ ಓದಿ ಹೇಳಿದೆ, ಅವರು ಬಹಳ ಹೊತ್ತು ಸುಮ್ಮನಿದ್ದರು.

ಆಳಂದದ ರೈತ:
ಭಾನುವಾರ ಹೋಗಿದ್ದೆ. ನಳಿಗೆ ಪರವಾಗಿಲ್ಲ, ಮರದ ಕೆಳಗೆ ತುಕ್ಕು ಇದೆ, ಕಾಕಾ ಹೇಳಿದ ಜಾಗದಲ್ಲೇ. ಸಂಖ್ಯೆಗಳೂ ಕೂಡಿದವು. ಲೈಸೆನ್ಸ್ ಪುಸ್ತಕ ತಿರುವಿದಾಗ ಕೈ ನಡುಗಿತು. ಅವಧಿ ಮುಗಿದು ಒಂದು ವರ್ಷ ಮೀರಿದೆ. ಬ್ಯಾಂಕಿನ ಕೆಲಸ ಬಿಟ್ಟ ಮೇಲೆ ನವೀಕರಿಸಿಯೇ ಇಲ್ಲ. ‘ಯಾರೂ ಕೇಳಲಿಲ್ಲ, ಲೋಕಸಭೆ ಚುನಾವಣೆಯಲ್ಲಿ ಠಾಣೆಗೆ ಕೊಟ್ಟು ತಂದಿದ್ದೆನಲ್ಲ’ ಎನ್ನುತ್ತಾರೆ ಪಾಪ. ನಾನೂ 2023ರಲ್ಲಿ ಒಮ್ಮೆ, 2024ರಲ್ಲಿ ಒಮ್ಮೆ ಚುನಾವಣೆಗೆಂದು ಬಂದೂಕು ಒಪ್ಪಿಸಿ ತಂದವನು. ಎರಡನೆಯದಾದರೆ ಆ ಓಡಾಟವೂ ಎರಡು ಪಟ್ಟು ಎಂದು ನನ್ನ ಮನೆಯವಳು ನೆನಪಿಸಿದಳು. ಈಗ ಅವರು ಏನು ಮಾಡಬೇಕು ವಕೀಲರೇ?

ಕರಿಕೋಟು, ಶಹಾಪುರ:
ಮಾರಾಟದ ಮಾತು ಸದ್ಯಕ್ಕೆ ಮುಗಿಯಿತು. ಲೈಸೆನ್ಸಿನ ಅವಧಿ ಮೀರಿದ ಆಯುಧವನ್ನು ಮನೆಯಲ್ಲಿ ಇಟ್ಟುಕೊಳ್ಳುವುದೇ ಅಪರಾಧ, ಮಾರುವುದು ದೂರದ ಮಾತು. ಆಯುಧ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಹತ್ತಿರದ ಠಾಣೆಯಲ್ಲಾಗಲಿ ಲೈಸೆನ್ಸ್ ಇರುವ ಬಂದೂಕು ವ್ಯಾಪಾರಿಯ ಬಳಿಯಾಗಲಿ ಠೇವಣಿ ಇಡಬೇಕು, ರಸೀದಿ ಪಡೆಯಬೇಕು. ಆಮೇಲೆ ತಡವಾದ ಕಾರಣ ಬರೆದು ನವೀಕರಣಕ್ಕೆ ಅರ್ಜಿ. ಅವರ ಪರವಾಗಿ ನೀವು ರೈಫಲ್ ಹೊತ್ತುಕೊಂಡು ಹೋಗಬೇಡಿ, ದಾರಿಯಲ್ಲಿ ತಡೆದರೆ ಇಬ್ಬರೂ ಒಳಗೆ. ಮೊದಲು ಠಾಣೆಗೆ ತಿಳಿಸಿ, ಅವರೇ ಹೇಳಿದ ಹಾಗೆ ಮಾಡಿ. ಅರ್ಜಿ ನಾನು ಬರೆದು ಕಳಿಸುತ್ತೇನೆ, ಫೀಸು ಬೇಡ.

ಹಳೆಯ ಹವಾಲ್ದಾರ, ಬೀದರ್:
ಅವರು ಒಬ್ಬರೇ ಹೋಗುವುದು ಬೇಡ. ಸೇವೆ ಮಾಡಿದ ಮನುಷ್ಯ ಠಾಣೆಯ ಕಟ್ಟೆಯ ಮೇಲೆ ಕಳ್ಳನಂತೆ ಕೂರಬಾರದು. ಬುಧವಾರ ಬೀದರಿನಿಂದ ಕಲಬುರಗಿ ರೈಲಿಗೆ ಬರುತ್ತೇನೆ, ನನ್ನ ಪೆನ್ಶನ್ ಪುಸ್ತಕವೂ ಜೊತೆಗಿರುತ್ತದೆ. ಅವರಿಗೆ ಹೇಳಿ, ರೈಫಲನ್ನು ಒರೆಸಿ ಎಣ್ಣೆ ಹಚ್ಚಿ ಇಟ್ಟಿರಲಿ. ಠಾಣೆಯ ಕೋಣೆಯಲ್ಲಿ ಎಷ್ಟು ದಿನ ನಿಲ್ಲಬೇಕೋ ಏನೋ.

ಆಳಂದದ ರೈತ:
ನಿಲ್ದಾಣಕ್ಕೆ ಬೈಕ್ ತರುತ್ತೇನೆ ಕಾಕಾ, ಊಟ ನಮ್ಮ ಮನೆಯಲ್ಲಿ. ಆಸೆ ಹೋಗಿದೆ ಎಂದು ಸುಳ್ಳು ಹೇಳಲಾರೆ. ಅವರ ನವೀಕರಣವಾದ ಮೇಲೆ ನೋಡೋಣ, ಆಗ ಮತ್ತೆ ನಿಮ್ಮನ್ನೇ ಕೇಳುತ್ತೇನೆ. ಕಣಜದವರೇ, ಹನ್ನೊಂದು ಎಕರೆಯ ಸುತ್ತ ಐದು ಸಾಲಿಗೆ ಕುಸುಬೆ ಬೀಜ ಎಷ್ಟು ಬೇಕಾದೀತು?