ಮನೆಯಿಂದಲೇ ಛಾಯಾಗ್ರಹಣ ಕಲಿಯಲು ಎಂಥ ಕೋರ್ಸ್ ಸೇರಬೇಕು?

ರಾತ್ರಿಪಾಳಿ:

ನಾನು ಆಸ್ಪತ್ರೆಯಲ್ಲಿ ಶುಶ್ರೂಷಕಿ. ಪಾಳಿ ಬದಲಾಗುತ್ತಲೇ ಇರುವುದರಿಂದ ತರಗತಿಗೆ ಹೋಗಿ ಕಲಿಯುವ ಮಾತೇ ಇಲ್ಲ. ಕ್ಯಾಮೆರಾ ಇದೆ, ಅದರ ಜೊತೆಗೇ ಬಂದ 18–55 ಮಿ.ಮೀ. ಲೆನ್ಸ್ ಇದೆ. ಅಪರ್ಚರ್, ಅಂದರೆ ಲೆನ್ಸಿನೊಳಗಿನ ಬೆಳಕಿನ ಕಿಂಡಿ, ಹಿಗ್ಗಿಸಿದರೆ ಹಿನ್ನೆಲೆ ಮಸುಕಾಗುತ್ತದೆ, ಶಟರ್ ನಿಧಾನವಾದರೆ ಚಿತ್ರ ಕಲಸಿಹೋಗುತ್ತದೆ ಎನ್ನುವಷ್ಟು ಗೊತ್ತು. ಮನುಷ್ಯರ ಮುಖಗಳನ್ನು ಚೆನ್ನಾಗಿ ತೆಗೆಯಬೇಕೆಂಬುದು ನನ್ನ ಆಸೆ. ಆದರೆ ಯಾರನ್ನು ತೆಗೆದರೂ ಚಿತ್ರಗಳೆಲ್ಲ ಒಂದೇ ಥರ ಕಾಣುತ್ತವೆ, ಏಕೆಂದು ತಿಳಿಯುತ್ತಿಲ್ಲ.

ಮೂರು ಕೋರ್ಸ್‌ಗಳನ್ನು ನೋಡಿಟ್ಟಿದ್ದೇನೆ. ಮೊದಲನೆಯದಕ್ಕೆ ಚಂದಾ ಕಟ್ಟಿದರೆ ಎಷ್ಟು ಬೇಕಾದರೂ ವಿಡಿಯೊ ನೋಡಬಹುದು. ಎರಡನೆಯದು ಕೊನೆಯಲ್ಲಿ ಪರೀಕ್ಷೆ ಬರೆಸಿ ಡಿಪ್ಲೊಮಾ ಕೊಡುತ್ತದೆ. ಮೂರನೆಯದು ದುಬಾರಿ, ಒಬ್ಬ ಶಿಕ್ಷಕರನ್ನು ಗೊತ್ತುಮಾಡುತ್ತಾರೆ, ನಾವು ಕಳಿಸಿದ ಚಿತ್ರಗಳ ಬಗ್ಗೆ ಅವರು ಬರೆದು ತಿಳಿಸುತ್ತಾರಂತೆ. ದುಡ್ಡು ದಂಡವಾಗಬಾರದು. ಬಲ್ಲವರು ಹೇಳಿ.

ಮೂರುಕಾಲು:

ದುಡ್ಡನ್ನೇ ಏಕೆ ಕೊಡಬೇಕು? ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಮಾರ್ಕ್ ಲೆವಾಯ್ 2016ರಲ್ಲಿ ಗೂಗಲ್‌ನಲ್ಲಿ ಡಿಜಿಟಲ್ ಛಾಯಾಗ್ರಹಣದ ಬಗ್ಗೆ ಮಾಡಿದ ಪಾಠಗಳು ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತವೆ. ಲೆನ್ಸ್, ಸೆನ್ಸರ್, ಬಣ್ಣ ಎಲ್ಲವನ್ನೂ ಬುಡದಿಂದ ಬಿಡಿಸಿ ಹೇಳುತ್ತಾರೆ. ಚಿತ್ರಗಳನ್ನು ನೋಡಿ ಅರ್ಥಮಾಡಿಕೊಳ್ಳುವುದನ್ನು ಕಲಿಯಬೇಕೆಂದರೆ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಕೋರ್ಸೆರಾ ಎಂಬ ಆನ್‌ಲೈನ್ ಕಲಿಕೆಯ ತಾಣದಲ್ಲಿ ನಡೆಸಿರುವ 'ಸೀಯಿಂಗ್ ಥ್ರೂ ಫೋಟೊಗ್ರಾಫ್ಸ್' ನೋಡಿ. ಉಳಿದ ದುಡ್ಡಿನಲ್ಲಿ 50 ಮಿ.ಮೀ. ಲೆನ್ಸ್ ಒಂದನ್ನು ಕೊಳ್ಳಿ.

ಕತ್ತಲೆಕೋಣೆ:

ದೂರಶಿಕ್ಷಣ ಸಂಸ್ಥೆಯೊಂದರಲ್ಲಿ ವಿದ್ಯಾರ್ಥಿಗಳ ಚಿತ್ರ ನೋಡಿ ಷರಾ ಬರೆಯುವುದೇ ನನ್ನ ಉದ್ಯೋಗವಾಗಿತ್ತು. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ಮೂರುಕಾಲು ಅವರು ಹೇಳಿದ ಪಾಠಗಳ ಬಗ್ಗೆ ಎರಡು ಮಾತಿಲ್ಲ. ಆದರೆ ಕೇಳಿದವರ ಕೊರತೆ ಅದಲ್ಲವಲ್ಲ! ಅಪರ್ಚರ್ ಗೊತ್ತು, ಶಟರ್ ಗೊತ್ತು; ತನ್ನ ಚಿತ್ರದಲ್ಲಿ ಏನು ಸರಿಯಿಲ್ಲ ಎಂಬುದು ಗೊತ್ತಾಗುತ್ತಿಲ್ಲ. ವಿಡಿಯೊವನ್ನು ನೀವು ನೋಡಬಹುದೇ ಹೊರತು ಅದು ನಿಮ್ಮ ಚಿತ್ರವನ್ನು ನೋಡಲಾರದು. ಪಾಠ ಪುಕ್ಕಟೆ ಸಿಗುವ ಕಾಲದಲ್ಲಿ ಶುಲ್ಕ ಕೊಡಬೇಕಾದದ್ದು ನಿಮ್ಮ ಕೆಲಸವನ್ನು ಕೂತು ನೋಡುವ ಕಣ್ಣಿಗೆ ಮಾತ್ರ.

ಹಾಗೆಂದು ಶಿಕ್ಷಕರಿದ್ದಾರೆ ಎಂದೊಡನೆ ಹಣ ಕಟ್ಟಬೇಡಿ. ಹಳೆಯ ವಿದ್ಯಾರ್ಥಿಯೊಬ್ಬರ ಚಿತ್ರಕ್ಕೆ ಬರೆದ ಷರಾ ಒಂದನ್ನು, ಹೆಸರು ತೆಗೆದು ಕಳಿಸಿ ಎಂದು ಕೇಳಿ. 'ಸಂಯೋಜನೆ ಚೆನ್ನಾಗಿದೆ, ಬೆಳಕಿನ ಕಡೆ ಇನ್ನಷ್ಟು ಗಮನವಿರಲಿ' ಎಂದಿದ್ದರೆ ಆ ಕೋರ್ಸನ್ನು ಮರೆತುಬಿಡಿ. ಆ ವಾಕ್ಯವನ್ನು ಯಾರ ಚಿತ್ರದ ಕೆಳಗೆ ಅಂಟಿಸಿದರೂ ನಡೆಯುತ್ತದೆ. ಕೆಲಸಕ್ಕೆ ಬರುವ ಷರಾ ಹೀಗಿರುತ್ತದೆ:

'ಕಿಟಕಿ ಅಜ್ಜಿಯ ಬಲಗಡೆಗಿದೆ, ಅವರು ನೇರ ನಿಮ್ಮನ್ನೇ ನೋಡುತ್ತಿದ್ದಾರೆ; ಹೀಗಾಗಿ ಎಡಗಣ್ಣು ಪೂರ್ತಿ ಕತ್ತಲಲ್ಲಿದೆ. ಮುಖವನ್ನು ತುಸುವೇ ಕಿಟಕಿಯತ್ತ ತಿರುಗಿಸಲು ಹೇಳಿ. ಎಡಗೆನ್ನೆಯ ಮೇಲೆ ಪುಟ್ಟ ತ್ರಿಕೋನದಷ್ಟು ಬೆಳಕು ಬಿದ್ದಾಗ ಕ್ಲಿಕ್ಕಿಸಿ. ಬಾಗಿಲ ಚೌಕಟ್ಟು ಅವರ ತಲೆಯಿಂದ ಮೊಳೆತಂತಿದೆ, ನೀವೇ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಲೆನ್ಸನ್ನು 18ಕ್ಕೆ ಇಟ್ಟು ತೀರಾ ಹತ್ತಿರ ಹೋಗಿರುವುದರಿಂದ ಮೂಗು ಉಬ್ಬಿದೆ. 55ಕ್ಕೆ ತಿರುಗಿಸಿ ಹಿಂದೆ ಬನ್ನಿ.'

ಇದನ್ನು ಓದಿದವರು ಮರುದಿನವೇ ಅದೇ ಅಜ್ಜಿಯನ್ನು ಅದೇ ಕಿಟಕಿಯ ಬಳಿ ಕೂರಿಸಿ ಮತ್ತೆ ತೆಗೆಯಬಹುದು. ಮತ್ತೆ ತೆಗೆದದ್ದನ್ನೂ ಶಿಕ್ಷಕರು ನೋಡುತ್ತಾರೆಯೇ ಎಂದು ಮರೆಯದೆ ಕೇಳಿ. ಬಹಳಷ್ಟು ಕಡೆ ನೋಡುವುದಿಲ್ಲ.

ಆಮೇಲೆ ಅಸೈನ್‌ಮೆಂಟ್‌ಗಳ ಪಟ್ಟಿ ತರಿಸಿಕೊಳ್ಳಿ. 'ನಿಮಗಿಷ್ಟವಾದ ಹತ್ತು ಚಿತ್ರ ಕಳಿಸಿ' ಎನ್ನುವುದು ಶಿಕ್ಷಕರ ಸೋಮಾರಿತನ. ಕೈ ಕಟ್ಟಿಹಾಕುವ ಅಸೈನ್‌ಮೆಂಟ್ ಬೇಕು. ನಾನು ಕೊಡುತ್ತಿದ್ದ ಒಂದನ್ನು ಹೇಳುತ್ತೇನೆ, ಬೇಕಿದ್ದರೆ ಇವತ್ತೇ ಮಾಡಿ ನೋಡಿ. ಕತ್ತಲ ಕೋಣೆಯಲ್ಲಿ ಬರಿಯ ಬಲ್ಬ್ ಒಂದನ್ನು ಹಚ್ಚಿ ಒಂದು ಮೀಟರ್ ದೂರದಲ್ಲಿ ಬಿಳಿಯ ಬಟ್ಟಲಿಡಿ. ಆ ಚಿತ್ರಕ್ಕೆ ಶಟರ್ 1/60 ಸೆಕೆಂಡ್ ಬೇಕಾಯಿತೆನ್ನಿ. ಬಟ್ಟಲನ್ನು ಎರಡು ಮೀಟರಿಗೆ ಸರಿಸಿದರೆ ಬೆಳಕು ಅರ್ಧಕ್ಕಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಬಟ್ಟಲು ಮೊದಲಿನಷ್ಟೇ ಬೆಳಗಬೇಕಾದರೆ ಎರಡು ಸ್ಟಾಪ್ ಹೆಚ್ಚಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿಯಾದಂತೆ) 1/15ಕ್ಕೆ ಬರಬೇಕು. ಗೋಡೆಗಳು ತೀರಾ ಬಿಳಿಯಾಗಿದ್ದರೆ ಅವು ಮರಳಿಸುವ ಬೆಳಕಿನಿಂದ ಲೆಕ್ಕ ಸ್ವಲ್ಪ ತಪ್ಪೀತು. ಇದನ್ನೇ ಹಗಲಲ್ಲಿ ದೊಡ್ಡ ಕಿಟಕಿಯ ಹತ್ತಿರ ಮಾಡಿದರೆ ಬೆಳಕು ಅಷ್ಟು ಬೇಗ ಕುಸಿಯುವುದಿಲ್ಲ. ಬಲ್ಬ್ ಒಂದು ಚುಕ್ಕೆ, ಕಿಟಕಿ ಒಂದು ಹರವು. ಇದನ್ನು ಕೈಯಾರೆ ಮಾಡಿದವರಿಗೆ ಮುಖವನ್ನು ಕಿಟಕಿಯಿಂದ ಎಷ್ಟು ದೂರ ಕೂರಿಸಬೇಕೆಂದು ಹೇಳಿಕೊಡಬೇಕಾಗಿಲ್ಲ.

ಡಿಪ್ಲೊಮಾದ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ಸರಿ ಉತ್ತರಕ್ಕೆ ಗುರುತು ಹಾಕುವ ಪರೀಕ್ಷೆ ಛಾಯಾಗ್ರಹಣದಲ್ಲಿ ಏನನ್ನು ಅಳೆಯುತ್ತದೋ! ಚಿತ್ರ ತೆಗೆಸಿಕೊಳ್ಳಲು ಬಂದವರು ನಿಮ್ಮ ಚಿತ್ರಗಳನ್ನು ಕೇಳುತ್ತಾರೆ, ಪ್ರಮಾಣಪತ್ರವನ್ನಲ್ಲ. ಮುಂದೆ ಪಾಠ ಹೇಳುವ ಇರಾದೆಯಿದ್ದರೆ ವಿಶ್ವವಿದ್ಯಾಲಯದ ಪದವಿಯೇ ಬೇಕಾದೀತು, ಅದನ್ನೂ ದೂರದಿಂದ ಪಡೆಯಬಹುದು. ಬ್ರಿಟನ್ನಿನಲ್ಲಿ ಸಮಾಜಶಾಸ್ತ್ರಜ್ಞ ಮೈಕಲ್ ಯಂಗ್ 1987ರಲ್ಲಿ ಆರಂಭಿಸಿದ ಓಪನ್ ಕಾಲೇಜ್ ಆಫ್ ದಿ ಆರ್ಟ್ಸ್ ಆ ದಾರಿ ಹಾಕಿತು. ಫಾಲ್ಮತ್ ವಿಶ್ವವಿದ್ಯಾಲಯ ಸ್ನಾತಕೋತ್ತರ ಪದವಿಯನ್ನೇ ಆನ್‌ಲೈನ್‌ನಲ್ಲಿ ನಡೆಸಿದೆ. ಅಲ್ಲಿ ಕ್ಯಾಮೆರಾ ಹಿಡಿಯುವಷ್ಟೇ ಓದು ಬರಹವೂ ಇರುತ್ತದೆ, ತಿಳಿದು ಹೋಗಿ.

ಮೂರುಕಾಲು:

ಒಪ್ಪಿದೆ, ಆದರೂ ಒಂದು ತಕರಾರು. ಒಬ್ಬರೇ ಶಿಕ್ಷಕರಾದರೆ ಅವರ ರುಚಿಗೆ ತಕ್ಕಂತೆ ತೆಗೆಯುವುದನ್ನು ರೂಢಿಸಿಕೊಳ್ಳುತ್ತೇವೆ. ಎಲ್ಲರ ಅಜ್ಜಿಯರ ಕೆನ್ನೆಯ ಮೇಲೂ ಅದೇ ತ್ರಿಕೋನ!

ಕತ್ತಲೆಕೋಣೆ:

ಸರಿಯಾದ ತಕರಾರು. ಅದಕ್ಕೇ ಶಿಕ್ಷಕರ ಚಿತ್ರಗಳ ಜೊತೆಗೆ ಅವರ ಇಬ್ಬರು ಮೂವರು ವಿದ್ಯಾರ್ಥಿಗಳ ಚಿತ್ರಗಳನ್ನೂ ನೋಡಬೇಕು. ಎಲ್ಲವೂ ಗುರುಗಳ ಚಿತ್ರಗಳ ನಕಲಿನಂತಿದ್ದರೆ ಅಲ್ಲಿಗೆ ಹೋಗಬಾರದು. ಪಕ್ಷಿಗಳನ್ನೇ ತೆಗೆಯುವವರು ಮುಖದ ಬಗ್ಗೆ ಬರೆಯುವ ಷರಾ ಎಷ್ಟು ಆಳವಿದ್ದೀತು ಎಂದೂ ಯೋಚಿಸಿ.

ಬೆಳಕಿನಕಿಂಡಿ:

ಸಹಪಾಠಿಗಳೇ ಪರಸ್ಪರ ಅಂಕ ಕೊಡುವ ಕೋರ್ಸ್ ಮಾಡಿದ್ದೇನೆ. ಬಂದ ಷರಾಗಳಲ್ಲಿ 'ತುಂಬಾ ಚೆನ್ನಾಗಿದೆ' ಎನ್ನುವುದೇ ಹೆಚ್ಚು. ಒಬ್ಬರಂತೂ ಪೂರ್ಣವಿರಾಮ ಮಾತ್ರ ಹಾಕಿ ಕಳಿಸಿದ್ದರು. ನನ್ನ ಸಲಹೆ ಒಂದೇ: ನಿಮ್ಮದು ಪಾಳಿಯ ಕೆಲಸ, ನಡುವೆ ಎರಡು ತಿಂಗಳು ನಿಲ್ಲಿಸಿ ಮುಂದುವರಿಸಲು ಬಿಡುತ್ತಾರೆಯೇ, ಬಿಟ್ಟುಹೋದರೆ ಉಳಿದ ಶುಲ್ಕ ಮರಳಿಸುತ್ತಾರೆಯೇ ಎಂಬುದನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ. ಫೋನಿನಲ್ಲಿ ಎಲ್ಲದಕ್ಕೂ ಹೂಂ ಎನ್ನುತ್ತಾರೆ.

ರಾತ್ರಿಪಾಳಿ:

ಎಲ್ಲರಿಗೂ ಧನ್ಯವಾದ. ಮಾದರಿ ಷರಾ ಕೇಳಿ ಇಬ್ಬರಿಗೂ ಬರೆದೆ. ಡಿಪ್ಲೊಮಾದವರು ಷರಾದ ಬದಲು ರಿಯಾಯಿತಿ ಕೂಪನ್ ಕಳಿಸಿದ್ದಾರೆ, ನಾಳೆಯವರೆಗೆ ಮಾತ್ರವಂತೆ. ಮೂರನೆಯವರಿಂದ ಎರಡು ಪುಟದ ಷರಾ ಬಂದಿದೆ. ಮುಖಕ್ಕಿಂತ ಹೆಚ್ಚಾಗಿ ಮಡಿಲಲ್ಲಿದ್ದ ಕೈಗಳ ಬಗ್ಗೆ ಬರೆದಿದ್ದಾರೆ: ಬೆರಳುಗಳು ಚೌಕಟ್ಟಿನ ಅಂಚಿನಲ್ಲಿ ಕತ್ತರಿಸಿಹೋಗಿವೆ, ಒಂದೋ ಪೂರ್ತಿ ಸೇರಿಸಿ, ಇಲ್ಲವೇ ಎದೆಮಟ್ಟಕ್ಕೇ ನಿಲ್ಲಿಸಿ ಎಂದು. ನನ್ನ ಚಿತ್ರಗಳನ್ನು ತೆಗೆದು ನೋಡಿದೆ. ಮುಕ್ಕಾಲು ಪಾಲು ಚಿತ್ರಗಳಲ್ಲಿ ಕೈಗಳು ಮಣಿಕಟ್ಟಿನಲ್ಲೇ ತುಂಡಾಗಿವೆ. ನಡುವೆ ನಿಲ್ಲಿಸುವ ವಿಷಯಕ್ಕೆ ಅವರಿಂದ ಇನ್ನೂ ಉತ್ತರ ಬಂದಿಲ್ಲ, ಅದು ಬಂದ ಮೇಲೆ ಹಣ ಕಟ್ಟುತ್ತೇನೆ.