ಪದಚರ್ಚೆ: ‘ಲೈಂಗಿಕ ಆಯ್ಕೆ’ಗೆ ಬದಲಿ ಪದ ಬೇಕು (ತುರ್ತು)

ಗೆಳೆಯರೇ, ಪ್ರಾಣಿವಿಕಾಸದ ಬಗೆಗಿನ ಪ್ರದರ್ಶನ ಫಲಕವೊಂದನ್ನು ಅನುವಾದಿಸುತ್ತಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು. ‘ನೈಸರ್ಗಿಕ ಆಯ್ಕೆ’ (ಬದುಕುಳಿಯಲು ನೆರವಾಗುವ ಗುಣಗಳು ಪೀಳಿಗೆಯಿಂದ ಪೀಳಿಗೆಗೆ ಉಳಿಯುವುದು) ರೂಢಿಯಲ್ಲಿದೆ, ತಕರಾರಿಲ್ಲ. ಅದರ ಪಕ್ಕದಲ್ಲಿ, ಕೂಡುವ ಅವಕಾಶ ಹೆಚ್ಚಿಸುವ ಗುಣಗಳು ಉಳಿಯುವುದಕ್ಕೆ ‘ಲೈಂಗಿಕ ಆಯ್ಕೆ’ ಎಂದು ಬರೆದರೆ ಕರಡು ಓದಿದವರು ಭ್ರೂಣದ ಲಿಂಗ ಆಯ್ಕೆ ಎಂದುಕೊಂಡರು. ‘ಸಂಗಾತಿ ಆಯ್ಕೆ’ ಎಂದು ಹಾಕಲೇ?

ಉತ್ತರ:
ಹಾಕಬೇಡಿ. ಸಂಗಾತಿ ಆಯ್ಕೆ ಇದರ ಅರ್ಧ ಮಾತ್ರ. 1871ರ ‘ದಿ ಡಿಸೆಂಟ್ ಆಫ್ ಮ್ಯಾನ್’ ಗ್ರಂಥದಲ್ಲಿ ಡಾರ್ವಿನ್ ಎರಡು ದಾರಿ ಹೇಳುತ್ತಾನೆ: ಗಂಡುಗಳ ನಡುವಿನ ಕಾದಾಟ, ಹೆಣ್ಣಿನ ಒಲವು. ಆನೆ ಸೀಲ್‌ಗಳಲ್ಲಿ ಗಂಡು ಹೆಣ್ಣಿಗಿಂತ ಎಷ್ಟೋ ಪಟ್ಟು ಭಾರ. ದಡದಲ್ಲಿ ಕಾದಾಡಿ ಗೆದ್ದ ಕೆಲವೇ ಗಂಡುಗಳಿಗೆ ಹೆಚ್ಚಿನ ಮರಿಗಳು. ಅಲ್ಲಿ ‘ಸಂಗಾತಿ ಆಯ್ಕೆ’ ಎಂದರೆ ಹೊಂದುವುದಿಲ್ಲ.

ಒಲವಿನ ದಾರಿಗೆ ಒಳ್ಳೆಯ ಉದಾಹರಣೆ ಕೆನ್ಯಾದ ಉದ್ದಬಾಲದ ವಿಡೋಬರ್ಡ್ ಎಂಬ ಹಕ್ಕಿ. ಜೀವವಿಜ್ಞಾನಿ ಮಾಲ್ಟೆ ಆಂಡರ್ಸನ್ ಕೆಲವು ಗಂಡುಗಳ ಬಾಲದ ಗರಿ ಕತ್ತರಿಸಿ ಬೇರೆ ಗಂಡುಗಳ ಬಾಲಕ್ಕೆ ಅಂಟಿಸಿದರು. ಬಾಲ ಉದ್ದವಾದವುಗಳು ಕಾಯುವ ಎಲ್ಲೆಯಲ್ಲಿ ಹೆಣ್ಣುಗಳ ಹೊಸ ಗೂಡುಗಳು ಹೆಚ್ಚಿದವು. ಎಲ್ಲೆ ಕಾಯುವುದರಲ್ಲಿ ಮಾತ್ರ ಮೊಟಕು ಬಾಲದವೂ ಹಿಂದೆ ಬೀಳಲಿಲ್ಲ. ಅಂದರೆ ಉದ್ದ ಬಾಲ ಗೆಲ್ಲುವುದು ಹೆಣ್ಣಿನ ಒಲವನ್ನು, ಕಾದಾಟವನ್ನಲ್ಲ. 1982ರಲ್ಲಿ ಪ್ರಕಟವಾದ ಪ್ರಯೋಗ ಇದು, ಫಲಕದಲ್ಲಿ ದಯವಿಟ್ಟು ಸೇರಿಸಿ.

ಉತ್ತರ:
ನೈಸರ್ಗಿಕ, ಲೈಂಗಿಕ ಎರಡೂ ಸಂಸ್ಕೃತ. ‘ಆಯ್ಕೆ’ ಒಂದೇ ನಮ್ಮದು, ‘ಆಯ್’ ಧಾತುವಿನದು. ಆಯುವುದೆಂದರೆ ಹೆಕ್ಕುವುದು, ಹೆಕ್ಕಲು ಒಬ್ಬರು ಬೇಕು. ನಿಸರ್ಗ ಏನನ್ನು ಹೆಕ್ಕುತ್ತದೆ? ಹೆಣ್ಣುಹಕ್ಕಿ ನಿಜವಾಗಿ ಹೆಕ್ಕುತ್ತದೆ. ಹಾಗಾಗಿ ‘ಆಯ್ಕೆ’ ಇಲ್ಲಿಗೇ ಸಲ್ಲಬೇಕು. ‘ಕೂಡಾಯ್ಕೆ’ (ಕೂಡು + ಆಯ್ಕೆ) ಎನ್ನಿ.

ಉತ್ತರ:
‘ಕೂಡಾಯ್ಕೆ’ ಯಾರಿಗೂ ತಿಳಿಯದು. ಸಂಸ್ಕೃತವೆಂದು ‘ಲೈಂಗಿಕ’ ಪದವನ್ನು ಬಿಟ್ಟರೆ ‘ವಿಕಾಸ’, ‘ಪ್ರಾಣಿ’ ಪದಗಳನ್ನೂ ಬಿಡಬೇಕಾಗುತ್ತದೆ. ನಿಂತು ಓದುವವರಿಗೆ ಧಾತುಪಾಠ ಬೇಕಿಲ್ಲ. ಎರಡು ಆಯ್ಕೆಗಳೂ ಒಂದೇ ಜೀವಿಯನ್ನು ಎರಡು ಕಡೆಗೆ ಎಳೆಯುತ್ತವೆ ಎಂಬುದು ಅವರಿಗೆ ತಲುಪಬೇಕು. ಮಧ್ಯ ಅಮೆರಿಕದ ತುಂಗಾರ ಕಪ್ಪೆಯನ್ನೇ ನೋಡಿ: ಕೂಗಿನ ಕೊನೆಗೆ ‘ಚಕ್’ ಸೇರಿಸಿದ ಗಂಡಿನ ಕಡೆಗೆ ಹೆಣ್ಣು ಬರುತ್ತದೆ, ಕಪ್ಪೆ ತಿನ್ನುವ ಬಾವಲಿಯೂ ಬರುತ್ತದೆ. ಲೈಂಗಿಕ ಆಯ್ಕೆ ‘ಚಕ್’ ಸೇರಿಸು ಎನ್ನುತ್ತದೆ, ನೈಸರ್ಗಿಕ ಆಯ್ಕೆ ಬೇಡ ಎನ್ನುತ್ತದೆ. ಜೋಡಿ ಪದಗಳಲ್ಲಿ ‘ಆಯ್ಕೆ’ ಎರಡೂ ಕಡೆ ಉಳಿದರಷ್ಟೇ ಈ ನಂಟು ಕಾಣುವುದು.

ಉತ್ತರ:
ರೂಢಿ ರೂಢಿ ಎಂದೇ ಕನ್ನಡದ ಬೇರು ಒಣಗಿತು. ‘ಕಾದಂಬರಿ’ ಮೊದಲ ದಿನ ಯಾರಿಗೆ ತಿಳಿದಿತ್ತು?

ಕೇಳಿದವರಿಂದ:
ಎಲ್ಲರಿಗೂ ವಂದನೆ. ‘ಲೈಂಗಿಕ ಆಯ್ಕೆ’ಯನ್ನೇ ಉಳಿಸಿ, ಕೆಳಗೆ ಸಣ್ಣಕ್ಷರದಲ್ಲಿ ‘ಕೂಡುವ ಅವಕಾಶಕ್ಕಾಗಿನ ಪೈಪೋಟಿಯಿಂದ ಆಗುವ ಆಯ್ಕೆ’ ಎಂದು ಬರೆಯುತ್ತಿದ್ದೇನೆ. ಹಕ್ಕಿ, ಕಪ್ಪೆ ಎರಡೂ ಫಲಕಕ್ಕೆ ಹೋಗುತ್ತವೆ.