ಸಂಜೆಯಾದರೆ ಧಾರವಾಡ ಕೇಳಿಸದು: ನಮ್ಮ ಮನೆಯ ಗೊರಗೊರ ಪತ್ತೆಯಾದ ಬಗೆ

ಬೆಳಿಗ್ಗೆ ಸ್ವಚ್ಛವಾಗಿ ಕೇಳುವ ಧಾರವಾಡ ಆಕಾಶವಾಣಿ ದೀಪ ಹಚ್ಚುವ ಹೊತ್ತಿಗೆ ಗೊರಗೊರ ಸದ್ದಿನಲ್ಲಿ ಮುಳುಗಿಹೋಗುತ್ತದೆ, ತಂದೆಯವರಿಗೆ ಹೊಸ ರೇಡಿಯೊ ಕೊಡಿಸಲೇ ಎಂದು ಕೇಳಿದ್ದೀರಿ. ಈಗಲೇ ಕೊಡಿಸಬೇಡಿ. ಹೋದ ವರ್ಷ ಹಾವೇರಿ ಹತ್ತಿರದ ನಮ್ಮ ಮನೆಯಲ್ಲೂ ಇದೇ ಪಾಡು. ಅಪ್ಪನ ಹಳೆಯ ಸೆಟ್ಟಿನ ರಿಪೇರಿಗೆ ನಾನೂರು ರೂಪಾಯಿ ತೆತ್ತೆ, ಆಮೇಲೆ ಹೊಸದನ್ನೂ ತಂದೆ. ಎರಡೂ ಒಂದೇ ಶ್ರುತಿಯಲ್ಲಿ ಗೊರಗುಟ್ಟಿದವು.

ರೇಡಿಯೊಗೆ ಸೆಲ್ ಹಾಕಿ, ಧಾರವಾಡ ಬರುವ 765 ಕಿಲೊಹರ್ಟ್ಸ್‌ಗೆ ಇಟ್ಟುಕೊಂಡು, ಮನೆಯ ಮೇನ್ ಸ್ವಿಚ್ ಆರಿಸಿ ನೋಡಿ. ಸದ್ದು ನಿಂತರೆ ಕಳ್ಳ ಮನೆಯೊಳಗೇ ಇದ್ದಾನೆ. ನಾನು ಎಡವಿದ್ದು ಇಲ್ಲೇ. ಮೇನ್ ಆರಿಸಿದೊಡನೆ ಗೊರಗೊರ ಇನ್ನಷ್ಟು ಜೋರಾಯಿತು! ತಪ್ಪೆಲ್ಲ ಹೊರಗಿನ ತಂತಿಯದು ಎಂದು ಲೈನ್‌ಮನ್‌ಗೆ ಎರಡು ಸಲ ಫೋನ್ ಮಾಡಿದೆ. ಕರೆಂಟು ಹೋಯಿತೆಂದು ನಮ್ಮ ಯುಪಿಎಸ್ ತಾನೇ ಕೆಲಸ ಶುರು ಮಾಡಿ, ಅದೇ ಗಲಾಟೆ ಎಬ್ಬಿಸುತ್ತಿತ್ತು ಎಂದು ಹೊಳೆದದ್ದು ಮೂರನೆಯ ದಿನ. ಆದ್ದರಿಂದ ಯುಪಿಎಸ್ ಅನ್ನೂ ಆರಿಸಿ ನೋಡಿ.

ಎರಡನ್ನೂ ಆರಿಸಿದಾಗ ಸದ್ದು ಮುಕ್ಕಾಲು ಪಾಲು ಅಡಗಿತು. ಮೇನ್ ಹಾಕಿ, ಒಂದೊಂದು ಕೋಣೆಯ ಕರೆಂಟಿನ ಸ್ವಿಚ್ಚಾದ ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ ಹೋದೆ. ನಡುಮನೆ, ಅಡುಗೆಮನೆ ಸುಮ್ಮನಿದ್ದವು. ದೇವರ ಮನೆಯದನ್ನು ಏರಿಸಿದ್ದೇ ತಡ, ಗೊರ್! ದಸರೆಗೆಂದು ಸಂತೆಯಲ್ಲಿ ತಂದಿದ್ದ ಎಲ್‌ಇಡಿ ಬಲ್ಬು ಅದು. ಸಂಜೆ ದೀಪದ ಹೊತ್ತಿಗೆ ಅಮ್ಮ ಅದನ್ನು ಹಾಕುತ್ತಿದ್ದರು. ಸದ್ದು ಸಂಜೆಗೇ ಬರುತ್ತಿದ್ದುದರ ಗುಟ್ಟು ಅಷ್ಟೇ.

ಇಂಥ ಬಲ್ಬು, ಮೊಬೈಲ್ ಚಾರ್ಜರ್‌ಗಳ ಒಳಗಿನ ಸರ್ಕಿಟ್ ಸೆಕೆಂಡಿಗೆ ಹತ್ತಾರು ಸಾವಿರ ಸಲ ಕರೆಂಟನ್ನು ಕಡಿದು ಜೋಡಿಸುತ್ತಿರುತ್ತದೆ. ಅದರ ಗದ್ದಲ ಧಾರವಾಡ ಕೇಂದ್ರ ಬರುವ ಮೀಡಿಯಂ ವೇವ್ ತನಕ ಹಬ್ಬುತ್ತದೆ. ಅದನ್ನು ತಡೆಯಲು ಒಂದು ಸಣ್ಣ ಕಾಯಿಲ್, ಕೆಪಾಸಿಟರ್ ಇರಬೇಕು. ಅಗ್ಗದ ಮಾಲಿನಲ್ಲಿ ಮೊದಲು ಉಳಿತಾಯ ಮಾಡುವುದು ಇವುಗಳನ್ನೇ. ಮೀಡಿಯಂ ವೇವ್‌ನಲ್ಲಿ ಧ್ವನಿ ಅಲೆಯ ಏರಿಳಿತದಲ್ಲೇ ಕೂತು ಬರುತ್ತದೆ, ಗದ್ದಲವೂ ಹಾಗೆಯೇ, ಆದ್ದರಿಂದ ರೇಡಿಯೊಗೆ ಎರಡರ ಭೇದ ತಿಳಿಯದು. ಎಫ್‌ಎಂನಲ್ಲಿ ಈ ಕಾಟ ಕಡಿಮೆ.

ಬಲ್ಬು ಬದಲಿಸಿದರೆ ಮುಗಿಯಿತು. ಚಾರ್ಜರ್ ಆಗಿದ್ದರೆ, ಕೆಲಸವಿಲ್ಲದಾಗ ಪ್ಲಗ್ಗಿನಿಂದ ಕಿತ್ತಿಡಿ. ಗದ್ದಲ ತಡೆಯಲು ವೈರಿಗೆ ಕಚ್ಚಿಸುವ ಫೆರೈಟ್ (ಕಾಂತಗುಣದ ಕಪ್ಪು ವಸ್ತು) ಉಂಗುರವನ್ನು ಹಲವರು ಹೇಳುತ್ತಾರೆ. ನಾನೂ ತರಿಸಿದೆ, ಸುಮ್ಮನೆ ಕಚ್ಚಿಸಿದಾಗ ಏನೇನೂ ಆಗಲಿಲ್ಲ. ದೊಡ್ಡ ಉಂಗುರ ತಂದು, ಚಾರ್ಜರ್ ವೈರನ್ನು ಅದರೊಳಗೆ ಏಳೆಂಟು ಸುತ್ತು ಹಾಯಿಸಿದ ಮೇಲೆ ಗುಣ ಕಂಡಿತು. ಮೀಡಿಯಂ ವೇವ್‌ಗೆ ಒಂದು ಸುತ್ತು ಸಾಲದು.

ಉಳಿದ ಕಾಲು ಪಾಲಿನ ಕಥೆ ಬೇರೆ. ಸೆಕೆಂಡಿಗೊಮ್ಮೆ ಟಕ್, ಟಕ್ ಎಂಬ ಸದ್ದು, ಗಡಿಯಾರದ ಹಾಗೆ. ಇದಕ್ಕೆ ರೇಡಿಯೊವನ್ನೇ ದಿಕ್ಸೂಚಿ ಮಾಡಿಕೊಂಡೆ. ಪೆಟ್ಟಿಗೆಯೊಳಗೆ ಉದ್ದುದ್ದ ಮಲಗಿರುವ ಫೆರೈಟ್ ಕಡ್ಡಿಯೇ ಅದರ ಆಂಟೆನಾ. ಕಡ್ಡಿಯ ತುದಿ ಸದ್ದಿನ ಮೂಲದ ಕಡೆ ತಿರುಗಿದಾಗ ಸದ್ದು ತೀರ ಸಣ್ಣದಾಗುತ್ತದೆ. ಅಂಗಳದಲ್ಲೊಮ್ಮೆ, ಹಿತ್ತಿಲಲ್ಲೊಮ್ಮೆ ನಿಂತು ರೇಡಿಯೊ ತಿರುಗಿಸಿದೆ. ಮಗುವನ್ನು ಎತ್ತಿಕೊಂಡವನಂತೆ ಗಿರಗಿರ ಸುತ್ತುತ್ತಿದ್ದ ನನ್ನನ್ನು ನೋಡಿ ಓಣಿಯವರು ನಕ್ಕರು, ಇರಲಿ. ಎರಡೂ ಕಡೆ ಕಡ್ಡಿ ತೋರಿಸಿದ ದಿಕ್ಕಿನ ಗೆರೆಗಳು ಕೂಡಿದ್ದು ಪಕ್ಕದ ಗೋವಿನಜೋಳದ ಹೊಲದಲ್ಲಿ. ಹಂದಿ ಕಾಟಕ್ಕೆ ಹಾಕಿದ, ಸೆಕೆಂಡಿಗೊಮ್ಮೆ ಕರೆಂಟು ಹೊಡೆಯುವ ಸೋಲಾರ್ ಬೇಲಿ! ಹುಲ್ಲು ಬೆಳೆದು ತಂತಿಗೆ ತಾಗಿದ ಕಡೆ ಪ್ರತಿ ಹೊಡೆತಕ್ಕೂ ಕಿಡಿ ಹಾರುತ್ತಿತ್ತು. ಹೊಲದ ಕಾಕಾ ಯಂತ್ರ ಆರಿಸಿ ಹುಲ್ಲು ಸವರಿದ ಸಂಜೆ ಟಕ್‌ಟಕ್ ನಿಂತಿತು.

ನಿಮ್ಮಲ್ಲಿ ದಿಕ್ಕು ಕರೆಂಟು ಕಂಬದ ಕಡೆ ತೋರಿಸಿದರೆ, ದಯವಿಟ್ಟು ಕಂಬ ಕುಟ್ಟಿ ನೋಡಲು ಹೋಗಬೇಡಿ. ಒಡೆದ ಪಿಂಗಾಣಿ ಬಟ್ಟಲೋ ಸಡಿಲವಾದ ತಂತಿಯೋ ಇರಬಹುದು. ಕಂಬದ ನಂಬರ್ ಬರೆದುಕೊಂಡು ಲೈನ್‌ಮನ್‌ಗೆ ಹೇಳಿ.

ಯುಪಿಎಸ್ ಕೂಡ ಆರಿಸಿದಾಗ ಏನಾಯಿತೆಂದು ಬರೆಯಿರಿ. ನಮ್ಮಲ್ಲಿ ನಿನ್ನೆಯಿಂದ ಮತ್ತೆ ಸಣ್ಣಗೆ ಟಕ್ ಎನ್ನುತ್ತಿದೆ. ಮಳೆಗೆ ಹುಲ್ಲು ಚಿಗುರಿರಬೇಕು, ನಾಳೆ ಕುಡುಗೋಲು ಹಿಡಿದು ಕಾಕಾನ ಜೊತೆ ಹೊರಡಬೇಕು.